ವಿಮೆ ದರವನ್ನು ಸರ್ಕಾರವೇ ಕಟ್ಟಿಹಾಕಿದರೆ ಬಿಲ್ ಯಾರಿಗೆ ಬರುತ್ತದೆ?

ಪ್ರಶ್ನೆ: ನಾನು ಸರ್ಕಾರಿ ಶಾಲೆಯಿಂದ ನಿವೃತ್ತಳಾದ ಶಿಕ್ಷಕಿ. ಗೋಕಾಕದ ಹತ್ತಿರ, ಘಟಪ್ರಭಾ ನದಿಯಿಂದ ಸ್ವಲ್ಪ ದೂರದಲ್ಲಿ ನಮ್ಮ ಮನೆ. 1,197 ಸಿಸಿಯ ಒಂದು ಹಳೇ ಪೆಟ್ರೋಲ್ ಕಾರಿದೆ. ಹೋದ ವರ್ಷ ವಿಮೆ ಕಟ್ಟಿದಾಗ ಜಿಎಸ್‌ಟಿ ಬಿಟ್ಟು ಕಾರಿನ ಸ್ವಂತ ಡ್ಯಾಮೇಜಿಗೆ 4,600 ರೂಪಾಯಿ, ಥರ್ಡ್ ಪಾರ್ಟಿಗೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ, 3,416 ರೂಪಾಯಿ ಆಗಿತ್ತು. ಈ ವರ್ಷ ಥರ್ಡ್ ಪಾರ್ಟಿ ಅಷ್ಟೇ ಇದೆ, ಆದರೆ ಡ್ಯಾಮೇಜಿನದು 8,900 ಆಗಿದೆ. ನಡುವೆ ನಾನು ಮಾಡಿಸಿಕೊಂಡದ್ದು ಒಂದೇ ಒಂದು ಕ್ಲೇಮು, ಬಂಪರ್ ಮತ್ತು ಹೆಡ್‌ಲೈಟಿಗೆ 6,800 ರೂಪಾಯಿ. ಥರ್ಡ್ ಪಾರ್ಟಿ ದರವನ್ನು ಸರ್ಕಾರ ನಿಗದಿ ಮಾಡುವ ಹಾಗೆ ಇದನ್ನೂ, ಮನೆ ವಿಮೆಯನ್ನೂ ಯಾಕೆ ಮಾಡಬಾರದು? ಬ್ಯಾಂಕಿನಲ್ಲಿರುವ ನನ್ನ ತಮ್ಮನ ಮಗ ಹೇಳುತ್ತಾನೆ, ದರ ನೋಡಿಕೊಳ್ಳೋಕೆ ಕಚೇರಿ, ಅಧಿಕಾರಿಗಳು, ಸಂಬಳ ಅಂತ ಸಾವಿರಾರು ಕೋಟಿ ತೆರಿಗೆ ಹಣ ಬೇಕಾಗುತ್ತದೆ ಅಂತ. ನಿಜವೇ? 2019ರ ನೆರೆಯಲ್ಲಿ ನಮ್ಮ ಓಣಿಯ ಎರಡು ಮನೆ ಬಿದ್ದವು, ಅವರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಹಾಗಿರುವಾಗ ನಾನು ಮನೆಗೆ ವಿಮೆ ಮಾಡಿಸಬೇಕಾ?

ಉತ್ತರ: ಮೇಡಂ, ಮೊದಲು ನಿಮ್ಮ ರಸೀದಿಯನ್ನೇ ನೋಡೋಣ. ಅದು ಗೊತ್ತಾದರೆ ಉಳಿದದ್ದು ಸುಲಭ.

ಕಂಪನಿ ದರ ಡಬಲ್ ಮಾಡಿದೆ ಅಂತ ನಿಮಗೆ ಅನಿಸಿದೆ. ನಿಜವಾಗಿ ಆಗಿದ್ದು ಬೇರೆ. ಹಲವು ವರ್ಷ ಕ್ಲೇಮು ಮಾಡದೆ ಇದ್ದುದಕ್ಕೆ ನಿಮಗೆ ನೋ ಕ್ಲೇಮ್ ಬೋನಸ್ 50 ಪರ್ಸೆಂಟ್ ತನಕ ಏರಿತ್ತು. ಅಂದರೆ ಹೋದ ವರ್ಷದ ಅಸಲು ಪ್ರೀಮಿಯಂ 9,200, ಅದರಲ್ಲಿ ಅರ್ಧ ಬಿಟ್ಟು 4,600. ಕ್ಲೇಮು ಮಾಡಿದ ಕೂಡಲೇ ಬೋನಸ್ ಸೊನ್ನೆಗೆ ಇಳಿಯಿತು. ಈ ವರ್ಷದ ಅಸಲು 8,900. ಕಾರಿನ ಬೆಲೆ ಇಳಿದಿದ್ದಕ್ಕೆ ಅದು 300 ರೂಪಾಯಿ ಕಮ್ಮಿಯೇ ಆಗಿದೆ!

ಇನ್ನೊಂದು ಮಾತು. ಈ ಬೋನಸ್ ಮತ್ತೆ 20, 25, 35, 45, 50 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹಳೇ ಜಾಗಕ್ಕೆ ಬರೋ ಹೊತ್ತಿಗೆ ಐದು ವರ್ಷ. ಕಾರಿನ ಬೆಲೆ ವರ್ಷ ವರ್ಷ ಇಳಿಯುವುದನ್ನು ಲೆಕ್ಕಕ್ಕೆ ಹಿಡಿದರೂ, 6,800 ರೂಪಾಯಿ ಕ್ಲೇಮಿಗಾಗಿ ನೀವು ಕಳೆದುಕೊಳ್ಳುವುದು ಒಟ್ಟು ಹತ್ತು ಸಾವಿರದ ಹತ್ತಿರ. ಇದನ್ನು ಕೌಂಟರಿನಲ್ಲಿ ಯಾರಾದರೂ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ ಅನ್ನೋದು ನನಗೆ ಬೇಸರದ ವಿಷಯ, ಯಾಕಂದರೆ ಇದು ಎರಡು ನಿಮಿಷದ ಲೆಕ್ಕ.

ಸ್ವಾರಸ್ಯ ಏನು ಗೊತ್ತಾ? ನಿಮಗೆ ನೋವು ಕೊಟ್ಟ ಈ ಬೋನಸ್ ಮೆಟ್ಟಿಲು ಸರ್ಕಾರಿ ದರದ ಕಾಲದಿಂದಲೇ ಉಳಿದುಬಂದದ್ದು. ಹಿಂದೆ ವಿಮೆ ದರ ನಿಗದಿ ಮಾಡಲು ಟ್ಯಾರಿಫ್ ಅಡ್ವೈಸರಿ ಕಮಿಟಿ ಅಂತ ಒಂದು ಇತ್ತು. 2002ರ ಜುಲೈನಿಂದ ಜಾರಿಯಾದ ಇಂಡಿಯಾ ಮೋಟಾರ್ ಟ್ಯಾರಿಫ್ ಪುಸ್ತಕ ನಮ್ಮ ವಿಮಾ ಕಚೇರಿಯ ಪ್ರತಿ ಟೇಬಲಿನ ಮೇಲೂ ಇರುತ್ತಿತ್ತು. ಕಾರಿನ ಸಿಸಿ ಎಷ್ಟು, ವಯಸ್ಸು ಎಷ್ಟು, ಬೆಲೆ ಎಷ್ಟು, ರಿಜಿಸ್ಟರ್ ಆಗಿದ್ದು ಬೆಂಗಳೂರಿನಂಥ ದೊಡ್ಡ ಊರಲ್ಲೋ ಬೇರೆ ಕಡೆಯೋ, ಇಷ್ಟು ನೋಡಿ ಬೆರಳಿಟ್ಟರೆ ದರ ಸಿಗುತ್ತಿತ್ತು. ಕ್ಯಾಲ್ಕುಲೇಟರ್ ಒತ್ತಿ ಬರೆದುಕೊಡುತ್ತಿದ್ದೆವು. ಯಾವ ಕಂಪನಿಗೆ ಹೋದರೂ ಅದೇ ದರ. ನೀವು ಕೇಳುತ್ತಿರುವ ವ್ಯವಸ್ಥೆ ಈ ದೇಶದಲ್ಲಿ ಇತ್ತು, 2007ರ ಜನವರಿ 1ರಂದು ಅದು ಹೋಯಿತು. ಅವತ್ತಿನಿಂದ ಕಾರಿನ ಸ್ವಂತ ಡ್ಯಾಮೇಜ್, ಬೆಂಕಿ ವಿಮೆ, ಅದರ ಜೊತೆಗೇ ಮನೆ ವಿಮೆ, ಇವುಗಳ ದರ ಕಂಪನಿಗಳ ಕೈಗೆ ಬಂತು. ಥರ್ಡ್ ಪಾರ್ಟಿ ಮಾತ್ರ ಕಟ್ಟಿನಲ್ಲೇ ಉಳಿಯಿತು.

ಇನ್ನು ನಿಮ್ಮ ತಮ್ಮನ ಮಗನ ಮಾತು. ಕಚೇರಿಯ ಖರ್ಚು ಅಷ್ಟು ದೊಡ್ಡದಲ್ಲ. ವಿಮೆಯನ್ನು ನೋಡಿಕೊಳ್ಳುವ ಪ್ರಾಧಿಕಾರ, ಐಆರ್‌ಡಿಎಐ, ಹೈದರಾಬಾದಿನಲ್ಲಿದೆ. 1999ರ ಕಾಯ್ದೆಯಂತೆ ಅದಕ್ಕೆ ತನ್ನದೇ ನಿಧಿ ಇದೆ. ಆ ನಿಧಿ ತುಂಬುವುದು ಮುಖ್ಯವಾಗಿ ಕಂಪನಿಗಳು ಕಟ್ಟುವ ಶುಲ್ಕದಿಂದ. ಅಂದರೆ ಅದು ಕೊನೆಗೆ ನಿಮ್ಮ ಪ್ರೀಮಿಯಂನಲ್ಲೇ ಸೇರಿರುತ್ತದೆ, ತೆರಿಗೆಯಲ್ಲಿ ಅಲ್ಲ. ದರಕ್ಕೆ ಬೇಕಾದ ಅಂಕಿಅಂಶವನ್ನು ಇನ್ಶೂರೆನ್ಸ್ ಇನ್ಫರ್ಮೇಶನ್ ಬ್ಯೂರೋ ಅನ್ನುವ ಸಂಸ್ಥೆ ಎಲ್ಲ ಕಂಪನಿಗಳಿಂದ ಕಲೆಹಾಕುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಥರ್ಡ್ ಪಾರ್ಟಿ ದರ ಹೊರಡಿಸುವ ಅಧಿಕಾರ ಕೇಂದ್ರ ಸರ್ಕಾರದ್ದು, ಸಾರಿಗೆ ಸಚಿವಾಲಯ ಪ್ರಾಧಿಕಾರವನ್ನು ಕೇಳಿ ಅಧಿಸೂಚನೆ ಹೊರಡಿಸುತ್ತದೆ. ಕರಡು ಪ್ರಕಟಿಸು, ಆಕ್ಷೇಪ ಕೇಳು, ಅಂತಿಮ ಮಾಡು. ಈ ಕೆಲಸಕ್ಕೆ ದೊಡ್ಡ ಸೈನ್ಯ ಬೇಡ. ಹಳೇ ಕಾಲದಲ್ಲಂತೂ ಒಂದು ಕಮಿಟಿ, ಒಂದು ಪುಸ್ತಕದಲ್ಲಿ ಮುಗಿಯುತ್ತಿತ್ತು.

ಹಾಗಂತ ಖರ್ಚೇ ಇಲ್ಲ ಅಂದುಕೊಳ್ಳಬೇಡಿ. ಖರ್ಚು ಇದೆ, ಜಾಸ್ತಿಯೇ ಇದೆ. ಅದು ಕಚೇರಿಯ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ, ಅಷ್ಟೇ. ಹತ್ತು ವರ್ಷ ಬಿಟ್ಟು, ಬೇರೆ ಹೆಸರಿನಲ್ಲಿ, ಬೇರೆ ಇಲಾಖೆಯ ಬಜೆಟ್ಟಿನಲ್ಲಿ ಬರುತ್ತದೆ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ನಾನು ಕಂಡುಕೊಂಡ ಒಂದೇ ದೊಡ್ಡ ಪಾಠ ಇದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಸಾವಿನ ಕೇಸು ತೆಗೆದುಕೊಳ್ಳೋಣ. 32 ವರ್ಷದ ಮೇಸ್ತ್ರಿ, ತಿಂಗಳಿಗೆ 20,000 ದುಡಿಮೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನೇ ನಂಬಿದ್ದಾರೆ. ನಿಮ್ಮಂಥದ್ದೇ ಒಂದು ಕಾರು ಗುದ್ದಿ ತೀರಿಹೋದ ಅಂತ ಇಟ್ಟುಕೊಳ್ಳಿ. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಲೆಕ್ಕದ ಪ್ರಕಾರ, ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯುನಲ್ ಹೀಗೆ ಕೂಡುತ್ತದೆ. ಮುಂದೆ ಸಂಪಾದನೆ ಏರುತ್ತಿತ್ತು ಅಂತ 40 ಪರ್ಸೆಂಟ್ ಸೇರಿಸಿದರೆ 28,000. ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 21,000. ವರ್ಷಕ್ಕೆ 2,52,000. ಆ ವಯಸ್ಸಿಗೆ ಗುಣಕ 16. ಒಟ್ಟು 40,32,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ವಗೈರೆ ಬಾಬ್ತು, ಅರ್ಜಿ ಹಾಕಿದ ದಿನದಿಂದ ಬಡ್ಡಿ.

ಈಗ 40,32,000ವನ್ನು 3,416ರಿಂದ ಭಾಗಿಸಿ. ಸುಮಾರು 1,180. ಅಂದರೆ ಆ ಒಂದು ಸಾವಿಗೆ 1,180 ಕಾರುಗಳ ಒಂದು ವರ್ಷದ ಪೂರ್ತಿ ಥರ್ಡ್ ಪಾರ್ಟಿ ಪ್ರೀಮಿಯಂ ಖರ್ಚಾಗುತ್ತದೆ, ಕಂಪನಿಯ ಸಂಬಳ ಬಾಡಿಗೆ ಒಂದನ್ನೂ ಲೆಕ್ಕ ಹಿಡಿಯದೆ. ಈ ಹೊಣೆಗೆ ಮಿತಿಯೂ ಇಲ್ಲ. ಇನ್ನೊಬ್ಬರ ಆಸ್ತಿಗೆ ಹಾನಿಯಾದರೆ 7.5 ಲಕ್ಷ ಅಂತ ಗೆರೆ ಇದೆ, ಸಾವಿಗೆ ಗಾಯಕ್ಕೆ ಗೆರೆ ಇಲ್ಲ. ಇರಬಾರದು ಕೂಡ, ಅದು ನನ್ನ ಅಭಿಪ್ರಾಯ.

ಕೂಲಿ ಏರುತ್ತದೆ, ಅದರ ಜೊತೆ ಪರಿಹಾರವೂ ಏರುತ್ತದೆ. ರಸ್ತೆ ಅಪಘಾತದ ಸಾವು 2022ರಲ್ಲಿ ಸುಮಾರು 1.68 ಲಕ್ಷ ಇದ್ದದ್ದು 2023ರಲ್ಲಿ 1.72 ಲಕ್ಷ ದಾಟಿತು. ದರ ಮಾತ್ರ ನೋಡಿ. ನಿಮ್ಮ ಕಾರಿನ ವರ್ಗಕ್ಕೆ 2019ರ ಜೂನಿನಲ್ಲಿ 3,221 ಇತ್ತು. ಕೊರೊನಾದ ಎರಡು ವರ್ಷ ಮುಟ್ಟಲಿಲ್ಲ. 2022ರ ಜೂನ್ 1ಕ್ಕೆ 3,416 ಆಯಿತು. ಮೂರು ವರ್ಷಕ್ಕೆ 6 ಪರ್ಸೆಂಟ್. 2023ರಲ್ಲೂ 2024ರಲ್ಲೂ ಏರಲಿಲ್ಲ. ನಿಮ್ಮ ರಸೀದಿಯಲ್ಲಿ ಎರಡೂ ವರ್ಷ ಒಂದೇ ಅಂಕಿ ಇದ್ದುದಕ್ಕೆ ನಿಮಗೆ ಸಮಾಧಾನ ಆಗಿತ್ತು. ನನಗೆ ಅಲ್ಲೇ ಸ್ವಲ್ಪ ಭಯ.

ಭಯ ಯಾಕೆ ಅಂದರೆ ಈ ಕಥೆ ಒಮ್ಮೆ ನಡೆದುಹೋಗಿದೆ. ಟ್ಯಾರಿಫ್ ಕಾಲದಲ್ಲಿ ಥರ್ಡ್ ಪಾರ್ಟಿಯ ನಷ್ಟವನ್ನು ಕಾರ್ಖಾನೆಗಳ ಬೆಂಕಿ ವಿಮೆಯ ಲಾಭ ಹೊತ್ತುಕೊಳ್ಳುತ್ತಿತ್ತು. 2007ರಲ್ಲಿ ಬೆಂಕಿ ವಿಮೆಯ ದರ ಬಿಟ್ಟ ಮೇಲೆ ರಿಯಾಯಿತಿಯ ಪೈಪೋಟಿ ಶುರುವಾಯಿತು, ಆ ಲಾಭ ಕರಗಿತು. ನಷ್ಟ ಮಾತ್ರ ಉಳಿಯಿತು. ಆಗ ಲಾರಿ, ಬಸ್ಸುಗಳ ಥರ್ಡ್ ಪಾರ್ಟಿ ಯಾರಿಗೂ ಬೇಡವಾಯಿತು. ನಾನಿದ್ದ ಕಚೇರಿಯಲ್ಲೇ ಕಂಡದ್ದು ಹೇಳುತ್ತೇನೆ. ಹದಿನೈದು ವರ್ಷದ ಹಳೇ ಲಾರಿ ಇಟ್ಟುಕೊಂಡಿದ್ದ ಒಬ್ಬರು ನೋಟಿನ ಕಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ಬೆಳಗ್ಗೆ ಹತ್ತರಿಂದ ಬೆಂಚಿನ ಮೇಲೆ ಕೂತಿದ್ದರು. "ಸಿಸ್ಟಮ್ ಡೌನ್ ಇದೆ, ನಾಳೆ ಬನ್ನಿ" ಅಂತ ಮೂರು ದಿನ ಹೇಳಿ ಕಳಿಸಿದರು. ಸಿಸ್ಟಮ್ ಚೆನ್ನಾಗೇ ಇತ್ತು. ಮೂರನೇ ದಿನ ಅವರು ಆ ಟವೆಲನ್ನು ಬಿಚ್ಚಿ ಮತ್ತೆ ಕಟ್ಟಿದ್ದು ನನ್ನ ಕಣ್ಣಿನಲ್ಲಿ ಇನ್ನೂ ಇದೆ. ಕಾನೂನು ವಿಮೆ ಬೇಕೇ ಬೇಕು ಅನ್ನುತ್ತದೆ, ಕೌಂಟರು ಇಲ್ಲ ಅನ್ನುತ್ತದೆ. ದರವನ್ನು ನಿಜಕ್ಕಿಂತ ಕೆಳಗೆ ಕಟ್ಟಿಹಾಕಿದಾಗ ಮೊದಲು ಕಾಣೆಯಾಗುವುದು ಸೇವೆ.

ಇದಕ್ಕೆ ಪರಿಹಾರ ಅಂತ 2007ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳ ಒಂದು ಪೂಲ್ ಮಾಡಿದರು. ವಾಣಿಜ್ಯ ವಾಹನಗಳ ಥರ್ಡ್ ಪಾರ್ಟಿ ಯಾರು ಕೊಟ್ಟರೂ ಲಾಭನಷ್ಟ ಎಲ್ಲರಿಗೂ ಪಾಲು. ಆದರೆ ಪೂಲ್ ಮಾಡಿದ ಮಾತ್ರಕ್ಕೆ ನಷ್ಟ ಹೋಗುವುದಿಲ್ಲ, ಹಂಚಿಹೋಗುತ್ತದೆ. 2007ರಿಂದ 2011ರ ತನಕ ದರ ಏರಿಸಲಿಲ್ಲ. 2011ರಲ್ಲಿ ಪ್ರಾಧಿಕಾರವೇ ಲೆಕ್ಕ ತೆಗೆಸಿ, 100 ರೂಪಾಯಿ ಪ್ರೀಮಿಯಂಗೆ 153 ರೂಪಾಯಿಯನ್ನು ಪರಿಹಾರಕ್ಕೆ ತೆಗೆದಿಡಿ ಅಂತ ಕಂಪನಿಗಳಿಗೆ ಹೇಳಬೇಕಾಯಿತು. 2012ರ ಮಾರ್ಚ್ 31ಕ್ಕೆ ಪೂಲ್ ಮುಚ್ಚಿದರು.

ಈ ವ್ಯವಹಾರದ ದೊಡ್ಡ ಪಾಲುದಾರರು ಯಾರು? ಸರ್ಕಾರಿ ಕಂಪನಿಗಳು. ಅವುಗಳ ಮಾಲೀಕರು ಯಾರು? ನಾವು ನೀವೇ. 2019-20ರಿಂದ 2021-22ರ ಒಳಗೆ ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಈ ಮೂರು ಕಂಪನಿಗಳಿಗೆ ಕೇಂದ್ರ ಸರ್ಕಾರ ಹಾಕಿದ ಬಂಡವಾಳ 17,450 ಕೋಟಿ ರೂಪಾಯಿ. ಇದೆಲ್ಲವನ್ನೂ ಥರ್ಡ್ ಪಾರ್ಟಿ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ದೊಡ್ಡ ದೊಡ್ಡ ಸಂಸ್ಥೆಗಳ ನೌಕರರ ಆರೋಗ್ಯ ವಿಮೆಯನ್ನು ನಷ್ಟಕ್ಕೆ ಕೊಟ್ಟದ್ದು, ಪಿಂಚಣಿ ಹೊರೆ, ನಮ್ಮದೇ ಸೋಮಾರಿತನ ಎಲ್ಲವೂ ಅದರಲ್ಲಿವೆ. ಆದರೆ ಥರ್ಡ್ ಪಾರ್ಟಿಯ ಪಾಲು ಚಿಕ್ಕದಲ್ಲ. 2010ರ ಅಪಘಾತದ ಕೇಸು ಟ್ರಿಬ್ಯುನಲ್, ಹೈಕೋರ್ಟ್ ಅಂತ ಅಲೆದು 2020ರಲ್ಲಿ ಹಣ ಕೇಳಿಕೊಂಡು ಬರುತ್ತದೆ. ದರ ಏರಿಸದೆ ಚಪ್ಪಾಳೆ ತಗೊಂಡವರು ಒಬ್ಬರು, ಚೆಕ್ ಬರೆಯುವವರು ಇನ್ನೊಬ್ಬರು.

ಇನ್ನೂ ಒಂದು ಕಡೆ ಬಿಲ್ ಬರುತ್ತದೆ. ನೀವು ಸರ್ಕಾರಿ ಶಾಲೆಯಲ್ಲಿದ್ದವರು, ರಾಜ್ಯ ಸರ್ಕಾರದ ವಿಮಾ ಇಲಾಖೆಯ ಕೆಜಿಐಡಿ ಪಾಲಿಸಿ ನಿಮಗೆ ಗೊತ್ತೇ ಇರುತ್ತದೆ. ಅದೇ ಇಲಾಖೆಯ ಮೋಟಾರ್ ಶಾಖೆ ರಾಜ್ಯ ಸರ್ಕಾರದ ವಾಹನಗಳಿಗೂ ವಿಮೆ ಕೊಡುತ್ತದೆ. ನಿಮ್ಮ ಬಿಇಒ ಸಾಹೇಬರ ಜೀಪಿನ ಪಾಲಿಸಿ ಅಲ್ಲಿಂದಲೇ ಬಂದಿರುತ್ತದೆ. ಸಾರಿಗೆ ನಿಗಮಗಳು ಇನ್ನೂ ಬೇರೆ ದಾರಿ ಹಿಡಿಯಬಹುದು. ಪರಿಹಾರಕ್ಕೆ ತಮ್ಮದೇ ನಿಧಿ ಇಟ್ಟುಕೊಂಡರೆ ವಿಮೆಯಿಂದ ವಿನಾಯಿತಿ ಪಡೆಯಲು ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ಪೇಪರಿನಲ್ಲಿ "ಪರಿಹಾರ ಕೊಡದ ಬಸ್ ಜಪ್ತಿ" ಅನ್ನೋ ಸುದ್ದಿ ಓದಿರುತ್ತೀರಿ. ಕೋರ್ಟಿನ ಅಮೀನರು ಬಸ್ಸಿಗೆ ನೋಟಿಸ್ ಅಂಟಿಸುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳಗೆ ಕಂಡಕ್ಟರ್ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ಇಳಿಸುತ್ತಿದ್ದರು, ಆಚೆ ಸತ್ತವನ ಹೆಂಡತಿ ವಕೀಲರ ಪಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ವಿಮೆ ಇಲ್ಲದಿದ್ದರೂ ಪರಿಹಾರ ಕೊಡಲೇಬೇಕು. ಪ್ರೀಮಿಯಂ ಉಳಿಯಿತು ಅಂದುಕೊಂಡ ಹಣ ಎಲ್ಲಿಗೂ ಹೋಗಿರುವುದಿಲ್ಲ.

ಹಾಗಾದರೆ ದರ ಕಮ್ಮಿ ಇಟ್ಟರೆ ಜನ ಹೆಚ್ಚು ವಿಮೆ ಮಾಡಿಸುತ್ತಾರೆ, ಅದೇ ಲಾಭ ಅಲ್ವಾ ಅಂತ ಕೇಳಬಹುದು. ನಾನೂ ಹಾಗೇ ನಂಬಿದ್ದೆ. ಆದರೆ 75ರಿಂದ 150 ಸಿಸಿ ಬೈಕಿಗೆ ಥರ್ಡ್ ಪಾರ್ಟಿ ವರ್ಷಕ್ಕೆ 714 ರೂಪಾಯಿ. ದಿನಕ್ಕೆ ಎರಡು ರೂಪಾಯಿಯೂ ಇಲ್ಲ. ಆದರೂ ದೇಶದ ವಾಹನಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವಿಮೆ ಇಲ್ಲ, ಅದರಲ್ಲಿ ಹೆಚ್ಚಿನವು ದ್ವಿಚಕ್ರ. ಹೊಸ ಗಾಡಿ ಕೊಳ್ಳುವಾಗ ಇರುತ್ತದೆ, ಆಮೇಲೆ ನವೀಕರಿಸುವುದಿಲ್ಲ. ಅದಕ್ಕೇ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಿಸಿಕೊಳ್ಳುವುದು ಶುರುವಾಯಿತು. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ದಂಡ ಮೊದಲ ಸಲ 2,000, ಎರಡನೇ ಸಲ 4,000. ಸಿಕ್ಕಿಬೀಳುವವರು ಕಮ್ಮಿ. ವಿಮೆ ಇಲ್ಲದ ಬೈಕು ಗುದ್ದಿ ಮನೆಯ ಯಜಮಾನ ಹೋದರೆ ಆ ಕುಟುಂಬ ಕೊನೆಗೆ ಬರುವುದು ಜಿಲ್ಲಾಸ್ಪತ್ರೆಗೆ, ವಿಧವಾ ವೇತನದ ಅರ್ಜಿಗೆ. ಅದೂ ಸರ್ಕಾರದ ಖರ್ಚೇ, ವಿಮೆ ಅನ್ನೋ ಹೆಸರು ಮಾತ್ರ ಇರುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಲ ಕಾರು ವಿಮೆ ಕೊಡುವುದು ಸರ್ಕಾರಿ ಕಂಪನಿ, ಐಸಿಬಿಸಿ. ವರ್ಷಗಟ್ಟಲೆ ದರವನ್ನು ಒತ್ತಿಹಿಡಿದ ಮೇಲೆ 2017-18ರ ಒಂದೇ ವರ್ಷದಲ್ಲಿ 130 ಕೋಟಿ ಡಾಲರ್ ನಷ್ಟ ಆಯಿತು. ಅವರು ದರ ಏರಿಸಿದ್ದು ಮಾತ್ರವಲ್ಲ, ಕೋರ್ಟಿಗೆ ಹೋಗಿ ಪರಿಹಾರ ಕೇಳುವ ಪದ್ಧತಿಯನ್ನೇ 2021ರಲ್ಲಿ ಬದಲಿಸಬೇಕಾಯಿತು. ಮನೆ ವಿಮೆಯಲ್ಲಿ ಅಮೆರಿಕದ ಉದಾಹರಣೆ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಪ್ರವಾಹ ವಿಮೆ 1968ರಿಂದ ಕೇಂದ್ರ ಸರ್ಕಾರದ ಯೋಜನೆ. ನದಿ, ಸಮುದ್ರದ ದಡದ ಮನೆಗಳಿಗೂ ಕಮ್ಮಿ ದರ ಇಟ್ಟರು. ಬಿರುಗಾಳಿಗಳು ಬಂದಾಗ ಯೋಜನೆ ಖಜಾನೆಯಿಂದ ಸಾಲ ತೆಗೆಯಿತು. 2017ರಲ್ಲಿ 1,600 ಕೋಟಿ ಡಾಲರ್ ಸಾಲ ಮನ್ನಾ ಮಾಡಿದರು, ಆದರೂ ಅದಕ್ಕಿಂತ ಹೆಚ್ಚಿನ ಸಾಲ ಉಳಿದುಕೊಂಡಿತು.

ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನರೇ ಮತ ಹಾಕಿ, ಕಾರು ಮತ್ತು ಮನೆ ವಿಮೆಯ ದರ ಏರಿಸುವ ಮುಂಚೆ ಸರ್ಕಾರದ ಒಪ್ಪಿಗೆ ಬೇಕು ಅಂತ ಕಾನೂನು ತಂದರು. ಕಾರಿನಲ್ಲಿ ಅದು ಗ್ರಾಹಕರಿಗೆ ಅನುಕೂಲ ಮಾಡಿದೆ ಅನ್ನುವವರು ಬಹಳ ಜನ, ಆ ಮಾತಿನಲ್ಲಿ ಹುರುಳಿದೆ. ಕಂಪನಿ ಲೆಕ್ಕ ತೋರಿಸಲೇಬೇಕು ಅನ್ನೋದು ಒಳ್ಳೆಯದೇ. ಮನೆ ವಿಮೆಗೆ ಮಾತ್ರ ಪೆಟ್ಟು ಬಿತ್ತು. ಕಾಡ್ಗಿಚ್ಚು ಹೆಚ್ಚಾಯಿತು, ಒಪ್ಪಿಗೆ ನಿಧಾನವಾಯಿತು, 2023ರಲ್ಲಿ ಅಲ್ಲಿನ ಅತಿದೊಡ್ಡ ಮನೆ ವಿಮಾ ಕಂಪನಿ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿತು. ಜನ, ಬೇರೆಲ್ಲೂ ವಿಮೆ ಸಿಗದವರಿಗೆ ಕೊನೆಯ ಆಸರೆಯಾದ ಫೇರ್ ಪ್ಲಾನ್ ಕಡೆ ಓಡಿದರು. 2025ರ ಜನವರಿಯ ಲಾಸ್ ಏಂಜಲೀಸ್ ಬೆಂಕಿಯ ನಂತರ ಆ ಪ್ಲಾನ್ ತನ್ನ ಸದಸ್ಯ ಕಂಪನಿಗಳಿಂದ 100 ಕೋಟಿ ಡಾಲರ್ ವಸೂಲಿ ಮಾಡಬೇಕಾಯಿತು. ಆ ಹಣದ ಒಂದು ಭಾಗವನ್ನು ಕಂಪನಿಗಳು ಗ್ರಾಹಕರ ಬಿಲ್ಲಿಗೆ ಸೇರಿಸಬಹುದು. ನನ್ನ ಬೆಂಚಿನ ಲಾರಿ ಮಾಲೀಕರಿಗೂ ಆ ಮನೆಯವರಿಗೂ ವ್ಯತ್ಯಾಸ ಕಮ್ಮಿ.

ಹಾಗಂತ ದರವನ್ನು ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಥರ್ಡ್ ಪಾರ್ಟಿಯನ್ನು ಕಾನೂನೇ ಕಡ್ಡಾಯ ಮಾಡಿದೆ. ಕಡ್ಡಾಯ ಮಾಡಿದ ಮೇಲೆ "ಎಷ್ಟಾದರೂ ಕೇಳು" ಅಂತ ಕಂಪನಿಗೆ ಬಿಡುವುದು ಸರಿಯಲ್ಲ. ಬಿಟ್ಟರೆ ಹಳೇ ಲಾರಿ, ಟೆಂಪೋ, ಆಟೋ ಓಡಿಸುವವರೇ ಮೊದಲು ಹೊರಗೆ ಬೀಳುತ್ತಾರೆ. ಪರಿಹಾರಕ್ಕೇ ಮಿತಿ ಹಾಕುವುದು ಇನ್ನೊಂದು ದಾರಿ. ಸಾವಿಗೆ 10 ಲಕ್ಷ ಅನ್ನುವ ಮಾತು ಒಂದು ಹಂತದಲ್ಲಿ ಮಸೂದೆಯಲ್ಲೂ ಬಂದಿತ್ತು, ಆಮೇಲೆ ಕೈಬಿಟ್ಟರು. ಕೈಬಿಟ್ಟದ್ದೇ ಒಳ್ಳೆಯದಾಯಿತು. ಮೇಲಿನ ಮೇಸ್ತ್ರಿಯ ಮನೆಯವರಿಗೆ 40 ಲಕ್ಷದ ಬದಲು 10 ಲಕ್ಷ ಕೊಟ್ಟರೆ, ಉಳಿದ 30 ಲಕ್ಷವನ್ನು ಕಾರಿನವರ ಬದಲು ಆ ಹೆಂಡತಿ ಮಕ್ಕಳು ಕಟ್ಟಿದ ಹಾಗೆ ಆಗುತ್ತದೆ.

ನನ್ನ ಮನಸ್ಸಿಗೆ ಸರಿ ಕಾಣುವುದು ಇಷ್ಟು. ದರ ಸರ್ಕಾರವೇ ಇಡಲಿ, ಆದರೆ ಪ್ರತಿ ವರ್ಷ, ಗೊತ್ತಾದ ಸೂತ್ರದ ಪ್ರಕಾರ, ಗೊತ್ತಾದ ತಾರೀಖಿಗೆ ಪರಿಷ್ಕರಿಸಲಿ. ಇಳಿಯಬೇಕಾದರೆ ಇಳಿಸಲಿ. ಇದರಲ್ಲೂ ಅಪಾಯ ಇದೆ, ಕಂಪನಿಗಳು ತಮ್ಮ ದುಂದು ಖರ್ಚನ್ನೂ ಸೂತ್ರದೊಳಗೆ ತೂರಿಸುತ್ತವೆ, ಅದಕ್ಕೆ ಲೆಕ್ಕ ಬಯಲಿನಲ್ಲಿರಬೇಕು. ಆದರೆ ವರ್ಷಾನುಗಟ್ಟಲೆ ಹಿಡಿದಿಟ್ಟು ಒಮ್ಮೆಲೇ ಏರಿಸುವುದಕ್ಕಿಂತ ಇದು ಎಷ್ಟೋ ಮೇಲು. 2017ರ ಮಾರ್ಚ್ 30ರಿಂದ ದಕ್ಷಿಣ ರಾಜ್ಯಗಳ ಲಾರಿಗಳು ನಿಂತದ್ದು ನೆನಪಿರಬಹುದು. ಥರ್ಡ್ ಪಾರ್ಟಿ ದರ ಒಂದೇ ಏಟಿಗೆ ಶೇಕಡಾ 40, 50ರಷ್ಟು ಏರುತ್ತದೆ ಅನ್ನೋದು ಅವರ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ. ಕಂತಿನ ಮೇಲೆ ಲಾರಿ ಕೊಂಡವನಿಗೆ ವರ್ಷದ ನಡುವೆ ಅಷ್ಟು ಹಣ ಎಲ್ಲಿಂದ ಬರಬೇಕು? ಮುಷ್ಕರವಾದ ಮೇಲೆ ಏರಿಕೆಯನ್ನು ತಗ್ಗಿಸಿದರು. ತಗ್ಗಿಸಿದ ಆ ಭಾಗ ಯಾರ ಲೆಕ್ಕಕ್ಕೆ ಹೋಯಿತು ಅಂತ ಈಗ ನಿಮಗೆ ಗೊತ್ತು.

ಸ್ವಂತ ಡ್ಯಾಮೇಜಿನ ದರವನ್ನೂ ಸರ್ಕಾರ ನಿಗದಿ ಮಾಡಬೇಕೆ? ನನ್ನ ಉತ್ತರ ಬೇಡ. ಅದು ಕಡ್ಡಾಯವಲ್ಲ, ಕಂಪನಿ ಬದಲಿಸುವ ಸ್ವಾತಂತ್ರ್ಯ ನಿಮಗಿದೆ. 2019ರ ಸೆಪ್ಟೆಂಬರ್‌ನಿಂದ ಥರ್ಡ್ ಪಾರ್ಟಿ ಒಂದು ಕಂಪನಿಯಲ್ಲಿ, ಡ್ಯಾಮೇಜಿನದು ಇನ್ನೊಂದರಲ್ಲಿ ಮಾಡಿಸಬಹುದು. ಮೂರು ಕಡೆ ದರ ಕೇಳಿ, ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಆದರೆ ಕಾರಿನ ಐಡಿವಿಯನ್ನು, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆಯನ್ನು, ಸುಮ್ನೆ ಇಳಿಸಿ ಕಮ್ಮಿ ದರ ತೋರಿಸುವವರೂ ಇದ್ದಾರೆ. ಮೂರೂ ಕಡೆ ಐಡಿವಿ ಒಂದೇ ಇದೆಯಾ ನೋಡಿಕೊಂಡು ಹೋಲಿಸಿ. ಇನ್ನು ಮುಂದೆ ಸಣ್ಣಪುಟ್ಟ ಕ್ಲೇಮು ಮಾಡುವ ಮುಂಚೆ ಬೋನಸ್ ಎಷ್ಟು ಹೋಗುತ್ತದೆ ಅಂತ ಕೇಳಿ. ನದಿ ಊರಿನಲ್ಲಿದ್ದೀರಿ, ಅದಕ್ಕೆ ಒಂದು ಮಾತು: ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಇಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ. ಅದಕ್ಕೆ ಇಂಜಿನ್ ರಕ್ಷಣೆಯ ಆಡ್-ಆನ್ ಬೇರೆ ಇದೆ.

ಈಗ ಮನೆ. ಇದು ನಿಮ್ಮ ಪತ್ರದ ಕೊನೆಯ ಸಾಲಾಗಿತ್ತು, ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯ ಅನಿಸಿತು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷದವರೆಗೆ ಕೊಟ್ಟಿತು. ದೊಡ್ಡ ಮನಸ್ಸಿನ ಕೆಲಸ, ಅಷ್ಟು ಸಂಕಟದಲ್ಲಿ ಅದು ಬೇಕಾಗಿತ್ತು. ಆದರೆ ಅದು ಹಕ್ಕಿನ ಹಣ ಅಲ್ಲ. ಕೇಂದ್ರದ ವಿಪತ್ತು ನಿಧಿಯ 2022-26ರ ನಿಯಮದಲ್ಲೂ ಬಯಲುಸೀಮೆಯ ಪೂರ್ತಿ ಬಿದ್ದ ಮನೆಗೆ ಇದ್ದದ್ದು 1.2 ಲಕ್ಷ ಅಷ್ಟೇ. ಅದರ ಮೇಲೆ ಎಷ್ಟು ಸೇರಿಸಬೇಕು ಅನ್ನೋದು ಆ ವರ್ಷದ ಸರ್ಕಾರ, ಆ ವರ್ಷದ ಖಜಾನೆಗೆ ಬಿಟ್ಟದ್ದು. ಗೋಡೆ ಬಿರುಕು ಬಿಟ್ಟಿದ್ದು ಎ ವರ್ಗವೋ ಬಿ ವರ್ಗವೋ ಅಂತ ಸಮೀಕ್ಷೆಯವರು ಬರೆದುಕೊಳ್ಳುವಾಗ ಆದ ಜಗಳಗಳನ್ನು ನೀವು ನನಗಿಂತ ಹತ್ತಿರದಿಂದ ನೋಡಿದ್ದೀರಿ.

ಮನೆ ವಿಮೆಯಲ್ಲಿ ನಮ್ಮ ಪ್ರಾಧಿಕಾರ ಬೇರೆ ದಾರಿ ಹಿಡಿಯಿತು, ನನಗೆ ಅದು ಮೆಚ್ಚುಗೆಯಾಗಿದೆ. ದರ ನಿಗದಿ ಮಾಡಲಿಲ್ಲ, ಪಾಲಿಸಿಯ ಷರತ್ತುಗಳನ್ನು ನಿಗದಿ ಮಾಡಿತು. 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಪಾಲಿಸಿಯನ್ನು ಎಲ್ಲ ಕಂಪನಿಗಳೂ ಕೊಡಲೇಬೇಕು. ಬೆಂಕಿ, ಸಿಡಿಲು, ಪ್ರವಾಹ, ಭೂಕುಸಿತ, ಭೂಕಂಪ ಎಲ್ಲ ಸೇರಿವೆ. ಕಟ್ಟಡಕ್ಕೆ ಮಾಡಿಸಿದರೆ ಮನೆಯೊಳಗಿನ ಸಾಮಾನಿಗೂ ಆ ಮೊತ್ತದ 20 ಪರ್ಸೆಂಟ್, ಗರಿಷ್ಠ 10 ಲಕ್ಷದ ತನಕ, ತಾನಾಗಿ ಸೇರುತ್ತದೆ. ಹತ್ತು ವರ್ಷದ ತನಕ ಒಟ್ಟಿಗೇ ಮಾಡಿಸಬಹುದು. ದರ ಕಂಪನಿಯದು, ಆದ್ದರಿಂದ ಕೊಡುವುದಿಲ್ಲ ಅಂತ ಬಾಗಿಲು ಹಾಕುವ ಕಾರಣ ಕಮ್ಮಿ. ಷರತ್ತು ಎಲ್ಲ ಕಡೆ ಒಂದೇ, ಆದ್ದರಿಂದ ಬರೀ ದರ ಹೋಲಿಸಿದರೆ ಸಾಕು. ಸರ್ಕಾರಕ್ಕೆ ಇದರಿಂದ ಖರ್ಚು ಹೆಚ್ಚೇನಿಲ್ಲ, ಹೆಚ್ಚು ಜನ ತೆಗೆದುಕೊಂಡರೆ ನೆರೆ ಬಂದಾಗ ಉಳಿತಾಯವೇ.

ನದಿ ಹತ್ತಿರ ಅಂತ ನಿಮಗೆ ಸ್ವಲ್ಪ ಜಾಸ್ತಿ ಕೇಳಬಹುದು. ಕೇಳಿದರೂ ಮಾಡಿಸಿ ಅನ್ನೋದೇ ನನ್ನ ಸಲಹೆ. ಜಾಗದ ಬೆಲೆ ಸೇರಿಸಬೇಡಿ, ಜಾಗ ನೀರಿನಲ್ಲಿ ಹೋಗುವುದಿಲ್ಲ. ಮನೆಯ ಕಾರ್ಪೆಟ್ ಏರಿಯಾ ಅಳೆಸಿ, ಇವತ್ತು ಮತ್ತೆ ಕಟ್ಟಲು ಎಷ್ಟಾಗುತ್ತದೆ ಅಂತ ನಿಮ್ಮ ಊರಿನ ಮೇಸ್ತ್ರಿಯನ್ನು ಕೇಳಿ, ಆ ಮೊತ್ತಕ್ಕೆ ಮಾಡಿಸಿ. ಮನೆ ಮತ್ತು ಸಾಮಾನಿನ ಫೋಟೊ ತೆಗೆದು ಊರಾಚೆ ಇರುವ ಯಾರಿಗಾದರೂ ಕಳಿಸಿಡಿ, ಫೋನು ನೀರಿಗೆ ಬಿದ್ದರೂ ಉಳಿಯುತ್ತದೆ. ಇದೆಲ್ಲ ಮೇ ತಿಂಗಳ ಒಳಗೆ ಮುಗಿಸಿ. ಡ್ಯಾಮಿನ ಗೇಟು ತೆರೆದರು ಅನ್ನೋ ಸುದ್ದಿ ಬಂದ ದಿನ ಯಾವ ಕಂಪನಿಯೂ ನಿಮ್ಮ ಓಣಿಗೆ ಪಾಲಿಸಿ ಕೊಡುವುದಿಲ್ಲ.